ರಕ್ತದ ಕ್ಯಾನ್ಸರಿಗೆ ತಲೆಗೇಕೆ ಕರೆಂಟ್?

ಕಾಯಿಲೆ ಇರುವುದು ಮೂಳೆಮಜ್ಜೆಯಲ್ಲಿ, ಕರೆಂಟ್ (ವಿಕಿರಣ ಚಿಕಿತ್ಸೆ) ಇಡುವುದು ತಲೆಗೆ. ಇದೆಂಥ ಲೆಕ್ಕ? ಹರಿಹರ, ದಾವಣಗೆರೆಯಿಂದ ಮಗುವನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯುವ ಯಾವ ತಂದೆತಾಯಿಗಾದರೂ ಬರಬಹುದಾದ ಪ್ರಶ್ನೆ ಇದು. ಕೇಳಲು ಸಂಕೋಚ ಬೇಡ.

ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಕಿಮೋ ಔಷಧಿಗಳಲ್ಲಿ ಹೆಚ್ಚಿನವು ಅದನ್ನು ಸರಿಯಾಗಿ ದಾಟಲಾರವು. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕಣಗಳು ಮಾತ್ರ ಹೇಗೋ ನುಸುಳಿ, ಮಿದುಳು–ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಅಡಗಿ ಕೂರುತ್ತವೆ. 1960ರ ದಶಕದಲ್ಲಿ ಮಜ್ಜೆ ಶುಚಿಯಾದ ಮಕ್ಕಳಿಗೂ ಕಾಯಿಲೆ ತಲೆಯಿಂದ ಮರುಕಳಿಸುತ್ತಿತ್ತು. ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ತಂಡ ಕಿಮೋ ಜೊತೆಗೆ ತಲೆಗೆ 24 ಗ್ರೇ (ವಿಕಿರಣದ ಅಳತೆ), ಬೆನ್ನಿಗೆ ಮೆಥೊಟ್ರೆಕ್ಸೇಟ್ ಔಷಧಿಯ ಇಂಜೆಕ್ಷನ್ ಕೊಟ್ಟಿತು. ಸುಮಾರು ಅರ್ಧದಷ್ಟು ಮಕ್ಕಳು ಬದುಕುಳಿದರು.

ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಕಲಿಕೆ, ನೆನಪು, ಎತ್ತರ ಕುಂಠಿತ. ಕೆಲವರಿಗೆ ವರ್ಷಗಳ ನಂತರ ಮಿದುಳಿನ ಗಡ್ಡೆ. ಹಾಗಾಗಿ ಪ್ರಮಾಣ 18ಕ್ಕೆ, ಆಮೇಲೆ 12ಕ್ಕೆ ಇಳಿಯಿತು. ಯಾವ ಮಗುವಿಗೂ ಮುಂಜಾಗ್ರತೆಯ ವಿಕಿರಣವಿಲ್ಲದೆ ಒಳ್ಳೆಯ ಫಲಿತಾಂಶ ಸಾಧ್ಯವೆಂದು ಅದೇ ಆಸ್ಪತ್ರೆ 2009ರಲ್ಲಿ ತೋರಿಸಿತು. ಈಗ ಬಹುಪಾಲು ಮಕ್ಕಳಿಗೆ ಬೆನ್ನಿನ ಇಂಜೆಕ್ಷನ್ ಮತ್ತು ಕಿಮೋ ಸಾಕು. ದ್ರವದಲ್ಲಿ ಕ್ಯಾನ್ಸರ್ ಕಣ ಕಂಡವರಿಗೆ, ತಲೆಯಲ್ಲಿ ಮರುಕಳಿಸಿದವರಿಗೆ, ಅಪಾಯ ಹೆಚ್ಚಿರುವ ಕೆಲವರಿಗೆ ಕರೆಂಟ್ ಉಳಿದಿದೆ. ತೀರಾ ಎಳೆಯ ಮಕ್ಕಳಲ್ಲಿ ಆದಷ್ಟು ತಪ್ಪಿಸುತ್ತಾರೆ. ಭಾರತದಲ್ಲಿ 1980ರ ದಶಕದಿಂದ ಬಳಕೆಯಾದ ಎಂಸಿಪಿ-841 ಎಂಬ ಚಿಕಿತ್ಸಾ ಪದ್ಧತಿಯಲ್ಲಿ ತಲೆಯ ವಿಕಿರಣವೂ ಸೇರಿತ್ತು. ಆದ್ದರಿಂದ ‘ನಮ್ಮ ಮಗುವಿಗೆ ಯಾಕೆ ಬೇಕು?’ ಎಂದು ಕೇಳುವುದು ಉದ್ಧಟತನವಲ್ಲ.

ಕರೆಂಟ್ ಬೇಕೆಂದು ತೀರ್ಮಾನವಾದರೆ, ಮೊದಲು ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ ಮುಖವಾಡ ಮಾಡುತ್ತಾರೆ. ಅದು ತಲೆ ಅಲುಗದಂತೆ ಹಿಡಿಯುತ್ತದೆ. ಆಮೇಲೆ ಸಿ.ಟಿ. ಸ್ಕ್ಯಾನ್, ಯೋಜನೆ. ಕಣ್ಣುಗುಡ್ಡೆಯ ಹಿಂಭಾಗ ಮತ್ತು ಕತ್ತಿನ ಎರಡನೇ ಮೂಳೆಯವರೆಗೂ ಕಿರಣ ಬೀಳಬೇಕು, ಕಣ್ಣಿನ ಮಸೂರ ಉಳಿಯಬೇಕು. ಯೋಜನೆಯ ನಾಜೂಕೆಲ್ಲ ಇಲ್ಲಿದೆ. ದಿನಕ್ಕೆ ಕೆಲವೇ ನಿಮಿಷ, ನೋವಿಲ್ಲ. 18 ಗ್ರೇ ಎಂದರೆ ಸಾಮಾನ್ಯವಾಗಿ 10 ಸಲ, ವಾರಕ್ಕೆ 5 ದಿನದಂತೆ ಎರಡು ವಾರ. ಅಲ್ಲಾಡದೆ ಮಲಗಲಾರದ ಪುಟ್ಟ ಮಕ್ಕಳಿಗೆ ಅರಿವಳಿಕೆ ಬೇಕು, ಅದಕ್ಕೆ ಖಾಲಿ ಹೊಟ್ಟೆ. ಮಗುವಿನ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಎತ್ತಿಕೊಳ್ಳಬಹುದು, ಮುದ್ದಿಸಬಹುದು.

ದಾವಣಗೆರೆಯಿಂದ ಬೆಂಗಳೂರು 250 ಕಿ.ಮೀ.ಗೂ ಹೆಚ್ಚು ದೂರ, ದಿನಾ ಓಡಾಡಲಾಗದು. ಉಳಿಯುವ ವ್ಯವಸ್ಥೆ ಮೊದಲೇ ಕೇಳಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಗೊತ್ತಿಲ್ಲದಿದ್ದರೆ ಗಾಬರಿಯಾಗುವ ಭಾಗ ಊರಿಗೆ ಮರಳಿದ ಮೇಲಿನದು. ಕೂದಲು ಉದುರುವುದು ಎಲ್ಲರಿಗೂ ಕಾಣುತ್ತದೆ. ಆದರೆ ಕರೆಂಟ್ ಮುಗಿದ 4ರಿಂದ 8 ವಾರಕ್ಕೆ ಕೆಲವು ಮಕ್ಕಳು ಸದಾ ನಿದ್ದೆಗಣ್ಣಲ್ಲಿರುತ್ತಾರೆ, ಊಟ ಬೇಡ ಎನ್ನುತ್ತಾರೆ. ಇದು ವಿಕಿರಣದ ಪರಿಣಾಮವೇ ಆಗಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಆದರೆ ಅದೇ ಇರಬೇಕೆಂದು ಮನೆಯಲ್ಲೇ ತೀರ್ಮಾನಿಸಬೇಡಿ. ಜ್ವರ, ವಾಂತಿ, ಫಿಟ್ಸ್, ಜೋರು ತಲೆನೋವು ಕಂಡರೆ ಬೆಂಗಳೂರಿಗೆ ಹೊರಡಲು ಬೆಳಗಾಗುವುದನ್ನು ಕಾಯದೆ, ತಕ್ಷಣ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋಗಿ. ಎಷ್ಟು ಗ್ರೇ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಬರೆದಿರುವ ಡಿಸ್ಚಾರ್ಜ್ ಚೀಟಿಯನ್ನೂ ಒಯ್ಯಿರಿ.