ಬಾಡಿಗೆಮನೆಯ ಕಿರುಕುಳವೂ ರಸೀತಿಯ ಬಲವೂ

ಪರಸ್ಥಳದಲ್ಲಿ ನೆಲಸಿದವನಿಗೆ ಮೊದಲ ಆಸರೆ ಬಾಡಿಗೆಯ ಮನೆ. ಬಂದರು, ನೌಕಾನೆಲೆ, ಉಕ್ಕಿನ ಕಾರ್ಖಾನೆಗಳು ವಿಶಾಖಪಟ್ಟಣಕ್ಕೂ, ರೈಲ್ವೆ, ವ್ಯಾಪಾರಗಳು ವಿಜಯವಾಡಕ್ಕೂ ದೂರದ ಜನರನ್ನು ಕರೆತಂದಿವೆ. 2014ರ ರಾಜ್ಯವಿಭಜನೆಯ ತರುವಾಯ ಸರ್ಕಾರಿ ಕಚೇರಿಗಳು ಹೈದರಾಬಾದಿನಿಂದ ಬಂದುದರಿಂದ ವಿಜಯವಾಡದಲ್ಲಿ ಮನೆಗಳಿಗೆ ಬೇಡಿಕೆ ಏರಿತು. ಬೇಡಿಕೆ ಏರಿದಾಗ, ಹಳೆಯ ಬಾಡಿಗೆದಾರನನ್ನು ಎಬ್ಬಿಸಿ ಹೆಚ್ಚಿನ ಬಾಡಿಗೆಗೆ ಕೊಡುವ ಆಸೆ ಹುಟ್ಟುವುದು ಸಹಜ. ನ್ಯಾಯಾಲಯದ ದಾರಿ ದೀರ್ಘವಾದುದು. ನೀರು ನಿಲ್ಲಿಸುವುದೂ ಬೀಗ ಜಡಿಯುವುದೂ ಸುಲಭ. ಕಿರುಕುಳವೆಂಬುದು ಬಹುಮಟ್ಟಿಗೆ ನ್ಯಾಯಾಲಯವನ್ನು ತಪ್ಪಿಸಿ ಮಾಡುವ ತೆರವೇ ಆಗಿದೆ.

ಇಲ್ಲಿಯ ಬಾಡಿಗೆ ಕಾನೂನು ಕನ್ನಡಿಗರಿಗೆ ಅಪರಿಚಿತವಾದುದಲ್ಲ. 1949ರ ಮದರಾಸು ಕಾಯಿದೆಯು ಬೆಜವಾಡ, ವಿಶಾಖಪಟ್ಟಣಗಳಿಗೆ ಅನ್ವಯಿಸಿದಂತೆ ಅಂದು ಅದೇ ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಮಂಗಳೂರುಗಳಿಗೂ ಅನ್ವಯಿಸಿತ್ತು. ಅದನ್ನೂ 1954ರ ಹೈದರಾಬಾದು ಕಾಯಿದೆಯನ್ನೂ ಒಂದುಗೂಡಿಸಿ ಆಂಧ್ರಪ್ರದೇಶವು 1960ರಲ್ಲಿ ತನ್ನ ಕಾಯಿದೆಯನ್ನು ರಚಿಸಿತು. ಮನೆಯೊಡೆಯನು ತಕ್ಕ ಕಾರಣವಿಲ್ಲದೆ ನೀರು, ದೀಪ ಮುಂತಾದ ಸೌಕರ್ಯಗಳನ್ನು ಕಡಿಯಬಾರದೆಂದು ಅದು ವಿಧಿಸಿತು. ಬಾಡಿಗೆಯನ್ನು ಸ್ವೀಕರಿಸದೆ ಬಾಕಿಯ ಅಪವಾದವನ್ನು ಹೊರಿಸುವ ಉಪಾಯಕ್ಕೂ ಅದರಲ್ಲಿ ಪರಿಹಾರವಿತ್ತು: ಬಾಡಿಗೆದಾರನು ಬ್ಯಾಂಕನ್ನು ಸೂಚಿಸುವಂತೆ ಒಡೆಯನನ್ನು ಕೇಳಬಹುದಿತ್ತು, ಸೂಚಿಸದಿದ್ದರೆ ಮನಿಯಾರ್ಡರು ಕಳುಹಿಸಬಹುದಿತ್ತು, ಅದೂ ತಿರಸ್ಕೃತವಾದರೆ ಬಾಡಿಗೆ ನಿಯಂತ್ರಣಾಧಿಕಾರಿಯಲ್ಲಿ ಹಣವನ್ನು ಠೇವಣಿಯಿಡಬಹುದಿತ್ತು. ಆದರೆ 26 ಆಗಸ್ಟ್ 1957ರಿಂದ ಈಚೆಗೆ ಕಟ್ಟಿದ ಮನೆಗಳಿಗೆ ಈ ರಕ್ಷಣೆ ಇರಲಿಲ್ಲ. ಆ ವಿನಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ಅಸಿಂಧುಗೊಳಿಸಿತು.

ಮುಂದೆ ರಾಜ್ಯವು 1960ರ ಕಾಯಿದೆಗೆ ಬದಲಾಗಿ ಹೊಸದೊಂದನ್ನು ರೂಪಿಸಿತು. ಕೇಂದ್ರದ 2021ರ ಮಾದರಿ ಕಾಯಿದೆಯೂ ಸೌಕರ್ಯ ಕಡಿತವನ್ನು ನಿಷೇಧಿಸುತ್ತದೆ. ಮನೆಯೊಳಕ್ಕೆ ಬರಲು ಒಡೆಯನು 24 ಗಂಟೆ ಮೊದಲು ತಿಳಿಸಬೇಕೆನ್ನುತ್ತದೆ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯುತ್ತು ಮೂಲಭೂತ ಸೌಕರ್ಯವಾದುದರಿಂದ ಒಡೆಯನ ಒಪ್ಪಿಗೆಪತ್ರವಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದೆಂದು ಹೇಳಿತು.

ಕರಾರಿನ ಹನ್ನೊಂದು ತಿಂಗಳು ಮುಗಿದೊಡನೆ ಬೀಗ ಜಡಿಯಬಹುದೆಂಬ ಭಾವನೆ ವ್ಯಾಪಕವಾಗಿದೆ. ಅದು ತಪ್ಪು. ವರ್ಷಕ್ಕೆ ಮೀರಿದ ಗೇಣಿಕರಾರನ್ನು 1908ರ ಕಾಯಿದೆಯಂತೆ ನೋಂದಾಯಿಸಬೇಕಾದುದರಿಂದಲೇ ಹನ್ನೊಂದು ತಿಂಗಳ ವಾಡಿಕೆ ಬೆಳೆಯಿತು. ಅವಧಿ ತೀರಿದ ಮಾತ್ರಕ್ಕೆ ಬಲಾತ್ಕಾರದ ಅಧಿಕಾರ ಹುಟ್ಟದು. ಹಾಗೆ ಹೊರದೂಡಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಅಲ್ಲಿ ಒಡೆತನದ ಪ್ರಶ್ನೆಯೇ ಏಳುವುದಿಲ್ಲ. ಬೆದರಿಕೆ, ಅಡ್ಡಗಟ್ಟುವಿಕೆಗಳು ನಡೆದರೆ ಪೊಲೀಸರಿಗೆ ದೂರು ಕೊಡಬೇಕು.

ಆದರೆ ಈ ರಕ್ಷಣೆಗಳೆಲ್ಲ ಒಂದು ಪ್ರಶ್ನೆಯ ಮುಂದೆ ನಿಲ್ಲುತ್ತವೆ: ತಾನು ಅಲ್ಲಿ ವಾಸವಾಗಿದ್ದೆನೆಂದೂ ಬಾಡಿಗೆ ಸಲ್ಲಿಸಿದೆನೆಂದೂ ಬಾಡಿಗೆದಾರನು ತೋರಿಸಬಲ್ಲನೆ? ಊರಿನ ಭಾಷೆ ಸಾಲದವನು, ಪರಿಚಿತರಿಲ್ಲದವನು ಬಾಯಿಮಾತಿನ ಮೇಲೆ ನೆಚ್ಚಿಕೊಂಡರೆ, ಸಾಕ್ಷಿ ಹೇಳಲು ನೆರೆಯವರೂ ಹಿಂಜರಿದಾರು. ಕರಾರುಪತ್ರದ ಪ್ರತಿ, ಮುಂಗಡದ ರಸೀತಿ, ಬ್ಯಾಂಕಿನ ಮೂಲಕ ಪಾವತಿ, ದೀಪದ ಬಿಲ್ಲುಗಳು, ನಡೆದ ಕಿರುಕುಳವನ್ನು ದಿನಾಂಕಸಹಿತ ತಿಳಿಸಿದ ಪತ್ರಗಳು: ಇವೇ ಅವನ ಸಾಕ್ಷಿಗಳು. ಮನೆಯೊಡೆಯನಿಗೂ ಇವುಗಳಿಂದ ಹಿತವುಂಟು; ಬೇಕೆಂದೇ ಬಾಕಿಯುಳಿಸುವವನ ವಿರುದ್ಧ ಅವನು ನ್ಯಾಯ ಬೇಡುವಾಗಲೂ ಇವೇ ಆಧಾರ.

ಕಲಹ ಹುಟ್ಟಿದ ಮೇಲೆ ಕಾಗದ ಹುಡುಕುವುದಕ್ಕಿಂತ, ಮನೆಯ ಕೀಲಿಕೈಯೊಂದಿಗೇ ಕಾಗದವನ್ನೂ ಕೇಳಿ ಪಡೆಯುವುದು ಮೇಲು.