ಎಂಟು ಸಹೋದರಿ ನೌಕೆಗಳು, ಎರಡು ಮನೆತನಗಳು

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ನಮ್ಮ ಕಥೊಲಿಕ ಕುಟುಂಬಗಳಲ್ಲಿ ತಂದೆ-ತಾಯಿಯರ ವಿವಾಹದ ಸುವರ್ಣ ಮಹೋತ್ಸವವೆಂದರೆ ಇಗರ್ಜಿಯಲ್ಲಿ ಕೃತಜ್ಞತಾ ಬಲಿಪೂಜೆ, ಅನಂತರ ಸಭಾಭವನದಲ್ಲಿ ಭೋಜನ ಎಂಬುದು ಬಹುಕಾಲದ ಕ್ರಮ. ಈಗ ಅದರೊಂದಿಗೆ ಇನ್ನೊಂದು ಮಾತು ಸೇರಿಕೊಂಡಿದೆ. ಕೊಲ್ಲಿ ರಾಷ್ಟ್ರಗಳಲ್ಲೋ ಕೆನಡಾದಲ್ಲೋ ದುಡಿಯುವ ಮಕ್ಕಳು ಒಟ್ಟುಗೂಡಿ, "ಜೀವಮಾನವಿಡೀ ಅಡಿಕೆ ತೋಟ ಬಿಟ್ಟು ಕದಲದ ಇವರನ್ನು ಒಮ್ಮೆ ಹಡಗಿನಲ್ಲಿ ಲೋಕ ಸುತ್ತಿಸೋಣ" ಎನ್ನುತ್ತಾರೆ. ಲ್ಯಾಟಿನ್ ವಿಧಿಯವರಿರಲಿ, ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಅಥವಾ ಸಿರೋ-ಮಲಂಕರ ವಿಧಿಯವರಿರಲಿ, ಮಕ್ಕಳ ಈ ಹಂಬಲ ಒಂದೇ ತೆರನಾದುದು. ಈ ವಿಚಾರ ಮಾಡುವವರ ಮುಂದೆ ಮೇಲಿಂದ ಮೇಲೆ ಬರುವ ಎರಡು ಹೆಸರುಗಳು ಓಶಿಯಾನಿಯಾ ಮತ್ತು ಅಜಮಾರಾ. ಎರಡೂ ಸಣ್ಣ ಹಡಗುಗಳ, ಮೇಲ್ದರ್ಜೆಯ ವಿಹಾರ ಸಂಸ್ಥೆಗಳು. ಎರಡಕ್ಕೂ ತೆರಬೇಕಾದ ಹಣ ಒಬ್ಬರಿಗೆ ಲಕ್ಷಗಳ ಲೆಕ್ಕದಲ್ಲಿದೆ. ಅಷ್ಟು ಹಣ ಕೈಬಿಡುವ ಮೊದಲು ಇವೆರಡರ ಅಂತರವೇನೆಂದು ತಿಳಿದುಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಇವುಗಳ ಮೂಲವನ್ನು ನೋಡೋಣ. ರಿನೈಸಾನ್ಸ್ ಎಂಬ ಸಂಸ್ಥೆಯೊಂದು ಫ್ರಾನ್ಸಿನ ಸೈಂ-ನಜೇರ್ ಹಡಗುಕಟ್ಟೆಯಲ್ಲಿ 1998ರಿಂದ 2001ರ ಅವಧಿಯಲ್ಲಿ ಒಂದೇ ನಕಾಶೆಯ ಎಂಟು ಹಡಗುಗಳನ್ನು ಕಟ್ಟಿಸಿತು. ಪ್ರತಿಯೊಂದೂ ಸುಮಾರು 181 ಮೀಟರ್ ಉದ್ದ, 30 ಸಾವಿರ ಟನ್ನಿಗೆ ತುಸು ಮೇಲು, ಏಳುನೂರರ ಆಸುಪಾಸಿನ ಪ್ರಯಾಣಿಕರು, ನಾನೂರರಷ್ಟು ಸಿಬ್ಬಂದಿ. 2001ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಅನಾಥರಾದ ಎಂಟು ಸಹೋದರಿಯರು ಬೇರೆ ಬೇರೆ ಮನೆ ಸೇರಿದಂತೆ ಈ ಹಡಗುಗಳೂ ಚದುರಿಹೋದವು. ರಿನೈಸಾನ್ಸ್‌ನಲ್ಲಿ ಉನ್ನತ ಹುದ್ದೆಯಲ್ಲಿದ್ದ ಫ್ರಾಂಕ್ ಡೆಲ್ ರಿಯೊ ಅವರು ಸಹವರ್ತಿಗಳೊಡಗೂಡಿ 2002ರಲ್ಲಿ ಓಶಿಯಾನಿಯಾವನ್ನು ಸ್ಥಾಪಿಸಿದರು. ರೆಗಾಟಾ, ಇನ್‌ಸಿಗ್ನಿಯಾ, ನಾಟಿಕಾ ಎಂಬ ಹೆಸರು ಪಡೆದ ಮೂರು ಹಡಗುಗಳೂ, 2016ರಲ್ಲಿ ಬಂದ ಸಿರೇನಾವೂ ಆ ಮನೆ ಸೇರಿದವು. ರಾಯಲ್ ಕೆರಿಬಿಯನ್ ಸಮೂಹ 2007ರಲ್ಲಿ ಅಜಮಾರಾವನ್ನು ಹುಟ್ಟುಹಾಕಿತು. ಜರ್ನಿ, ಕ್ವೆಸ್ಟ್, 2018ರಲ್ಲಿ ಪರ್ಸ್ಯೂಟ್, 2022ರಲ್ಲಿ ಆನ್‌ವರ್ಡ್ ಹೀಗೆ ಉಳಿದ ನಾಲ್ವರು ಸಹೋದರಿಯರು ಇತ್ತ ಬಂದರು. ಎಂಟರಲ್ಲಿ ನಾಲ್ಕು ಅಲ್ಲಿ, ನಾಲ್ಕು ಇಲ್ಲಿ! ಮುಂದೆ 2014ರಲ್ಲಿ ಓಶಿಯಾನಿಯಾ ನಾರ್ವೇಜಿಯನ್ ಸಮೂಹದ ಪಾಲಾಯಿತು. ಅಜಮಾರಾವನ್ನು 2021ರಲ್ಲಿ ಸಿಕಮೋರ್ ಪಾರ್ಟ್ನರ್ಸ್ ಎಂಬ ಹೂಡಿಕೆ ಸಂಸ್ಥೆ ಕೊಂಡುಕೊಂಡಿತು.

ಹೀಗಿರುವಾಗ, ಒಂದೇ ತಾಯಿಯ ಮಕ್ಕಳಂತಿರುವ ಹಡಗುಗಳಲ್ಲಿ ಹೋಲಿಸುವುದಕ್ಕೆ ಏನಿದೆ ಎಂಬ ಪ್ರಶ್ನೆ ಸಹಜ. ಉಕ್ಕು ಒಂದೇ ಆದರೂ ಮನೆಯ ರೀತಿ ಬೇರೆ ಎಂಬುದೇ ಅದಕ್ಕೆ ಉತ್ತರ.

ಓಶಿಯಾನಿಯಾ ತನ್ನ ಹೆಗ್ಗಳಿಕೆಯನ್ನು ಅಡುಗೆಮನೆಯ ಮೇಲೆ ಕಟ್ಟಿಕೊಂಡಿದೆ. ಫ್ರೆಂಚ್ ಮೂಲದ ಹೆಸರಾಂತ ಬಾಣಸಿಗ ಝಾಕ್ ಪೆಪಾಂ ಅವರ ಹೆಸರನ್ನು ಅದು ಆರಂಭದ ವರ್ಷಗಳಿಂದಲೂ ತನ್ನ ಭೋಜನದೊಂದಿಗೆ ಜೋಡಿಸಿಕೊಂಡು ಬಂದಿದೆ. ಹಡಗಿನ ವಿಶೇಷ ಭೋಜನಶಾಲೆಗಳಿಗೆ ಪ್ರತ್ಯೇಕ ಶುಲ್ಕವಿಲ್ಲ. ಸಿಬ್ಬಂದಿಗೆ ಸಲ್ಲುವ ಟಿಪ್ಸನ್ನು ಹಿಂದೆ ಬೇರೆಯಾಗಿ ವಸೂಲು ಮಾಡುತ್ತಿದ್ದ ಈ ಸಂಸ್ಥೆ 2025ರಿಂದ ಅದನ್ನೂ ದರದಲ್ಲಿಯೇ ಸೇರಿಸಿತು. ಅಜಮಾರಾ ಟಿಪ್ಸ್ ಮತ್ತು ಆಯ್ದ ಮದ್ಯಗಳನ್ನು ದರದೊಳಗೇ ಇಟ್ಟುಕೊಂಡ ಸಂಸ್ಥೆ. ಆದರೆ ಅದರ ವಿಶೇಷ ಭೋಜನಶಾಲೆಗಳಲ್ಲಿ ಸಾಮಾನ್ಯ ಕೊಠಡಿಯವರು ಹೆಚ್ಚುವರಿ ಹಣ ತೆರಬೇಕು. ಮದ್ಯವನ್ನೇ ಮುಟ್ಟದ ದಂಪತಿಗೆ ಮದ್ಯ ಸೇರಿದ ದರದಿಂದ ಏನು ಲಾಭವೆಂಬುದನ್ನು ಮಕ್ಕಳು ಲೆಕ್ಕ ಹಾಕಬೇಕು. ಇಂತಹ ಸೌಲಭ್ಯಗಳ ಪಟ್ಟಿ ಆಗಾಗ ಬದಲಾಗುವುದರಿಂದ, ಟಿಕೆಟು ಕಾದಿರಿಸುವ ದಿನ ಏನೇನು ಸೇರಿದೆಯೆಂದು ಬರಹದಲ್ಲಿ ಪಡೆದುಕೊಳ್ಳುವುದು ಲೇಸು. ಇನ್ನು ಕುಚ್ಚಲಕ್ಕಿ ಗಂಜಿಯೂ ಮೀನುಸಾರೂ ಎರಡರಲ್ಲಿಯೂ ದೊರೆಯುವ ಭರವಸೆಯಿಲ್ಲ.

ಅಜಮಾರಾದ ಹೆಗ್ಗಳಿಕೆ ಅಡುಗೆಮನೆಯಲ್ಲಿಲ್ಲ, ಬಂದರಿನಲ್ಲಿದೆ. ಸಾಮಾನ್ಯವಾಗಿ ವಿಹಾರ ನೌಕೆಗಳು ಬೆಳಗ್ಗೆ ದಕ್ಕೆಗೆ ಬಂದು ಸಂಜೆ ಐದಾರು ಗಂಟೆಯೊಳಗೆ ಹೊರಡುತ್ತವೆ. ಅಜಮಾರಾ ಹಲವು ಬಂದರುಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ, ಕೆಲವೆಡೆ ಇಡೀ ರಾತ್ರಿ ತಂಗುತ್ತದೆ. ಇದರ ಬೆಲೆಯೇನೆಂದು ನಮ್ಮ ಓದುಗರಿಗೆ ಒಂದು ಉದಾಹರಣೆಯಿಂದ ಮನವರಿಕೆಯಾದೀತು. ರೋಮಿನ ಯಾತ್ರೆಗೆಂದು ಹಡಗಿನವರು ತೋರಿಸುವ ಬಂದರು ಚಿವಿತಾವೆಕಿಯಾ. ಅಲ್ಲಿಂದ ರೋಮಿಗೆ ಸುಮಾರು 80 ಕಿಲೋಮೀಟರು, ಎಂದರೆ ಹೆಚ್ಚುಕಡಿಮೆ ಸುಳ್ಯದಿಂದ ಮಂಗಳೂರಿಗೆ ಇರುವಷ್ಟು ದೂರ. ಹೋಗಲೊಂದು ಗಂಟೆಗೆ ಮಿಕ್ಕಿ, ಬರಲೊಂದು ಗಂಟೆಗೆ ಮಿಕ್ಕಿ ಬೇಕು. ಸಂಜೆ ಐದಕ್ಕೆ ಹಡಗು ಹೊರಡುವುದಾದರೆ, ಮಂಡಿನೋವಿನ ಎಪ್ಪತ್ತೈದರ ಹಿರಿಯರು ಸಂತ ಪೇತ್ರರ ಮಹಾದೇವಾಲಯದ ಸರದಿಯಲ್ಲಿ ನಿಂತು, ಒಳಹೊಕ್ಕು, ಒಂದಿಷ್ಟು ಹೊತ್ತು ಮೊಣಕಾಲೂರಿ ಪ್ರಾರ್ಥಿಸಿ ಬರುವುದು ಹೇಗೆ? ಊಟ ಎಷ್ಟೇ ಸೊಗಸಾಗಿದ್ದರೂ ಕಳೆದ ಆ ನಾಲ್ಕು ಗಂಟೆಗಳನ್ನು ಅದು ತುಂಬಿಕೊಡಲಾರದು.

ಹಾಗೆಂದು ಅಜಮಾರಾವೇ ಸರ್ವಶ್ರೇಷ್ಠವೆಂದು ನಾವು ತೀರ್ಪು ಕೊಡುತ್ತಿಲ್ಲ. ಪ್ರತಿ ಬಂದರಿನಲ್ಲಿಯೂ ಇಳಿದು ನಡೆಯಲಾಗದ ಹಿರಿಯರಿಗೆ ಹಡಗೇ ಊರು. ಅಂಥವರಿಗೆ ಒಳಗಿನ ನೆಮ್ಮದಿ ಮುಖ್ಯ. ಇಲ್ಲಿ ಓಶಿಯಾನಿಯಾದ ಇನ್ನೊಂದು ಕವಲನ್ನು ಗಮನಿಸಬೇಕು. ಅದು 2011ರಲ್ಲಿ ಮರೀನಾ, 2012ರಲ್ಲಿ ರಿವೇರಾ, 2023ರಲ್ಲಿ ವಿಸ್ತಾ, 2025ರಲ್ಲಿ ಅಲ್ಲೂರಾ ಎಂಬ ದೊಡ್ಡ ಹಡಗುಗಳನ್ನು ಹೊಸದಾಗಿ ಕಟ್ಟಿಸಿ ಇಳಿಸಿತು. ಇವು ಸಾವಿರದ ಇನ್ನೂರರಷ್ಟು ಪ್ರಯಾಣಿಕರ, ಹಳೆಯ ಸಹೋದರಿಯರಿಗಿಂತ ಇಮ್ಮಡಿ ಗಾತ್ರದ ಹಡಗುಗಳು. ಹಳೆಯ ಎಂಟು ಹಡಗುಗಳಲ್ಲಿ, ಅವು ಯಾರ ಕೈಯಲ್ಲಿದ್ದರೂ, ಸಾಮಾನ್ಯ ಕೊಠಡಿಯ ಸ್ನಾನಗೃಹ ಇಕ್ಕಟ್ಟಾದುದು. ಹೊಸ ಹಡಗುಗಳಲ್ಲಿ ಆ ತೊಂದರೆ ಕಡಿಮೆ. ಆದುದರಿಂದ "ಓಶಿಯಾನಿಯಾದಲ್ಲಿ ಕಾದಿರಿಸಿದ್ದೇವೆ" ಎಂದರೆ ಸಾಲದು, ಯಾವ ಹಡಗು ಎಂದು ಕೇಳಲೇಬೇಕು. ಅಜಮಾರಾದ ನಾಲ್ಕೂ ಹಡಗುಗಳು ಒಂದೇ ಅಳತೆಯವಾದ ಕಾರಣ ಅಲ್ಲಿ ಈ ಗೊಂದಲವಿಲ್ಲ.

ದೊಡ್ಡದಕ್ಕಿಂತ ಸಣ್ಣದು ಏಕೆ ಎಂದು ಕೇಳುವವರೂ ಇದ್ದಾರೆ. 2024ರಲ್ಲಿ ಸಂಚಾರಕ್ಕಿಳಿದ ಐಕಾನ್ ಆಫ್ ದ ಸೀಸ್ ಎಂಬ ಹಡಗು ಸುಮಾರು ಎರಡು ಲಕ್ಷದ 48 ಸಾವಿರ ಟನ್ನುಗಳದು. ಐದು ಸಾವಿರಕ್ಕೂ ಮೀರಿದ ಪ್ರಯಾಣಿಕರದು. ಎಂದರೆ ನಾವು ಹೇಳುತ್ತಿರುವ ಸಹೋದರಿಯರ ಎಂಟರಷ್ಟು. ಅಂತಹ ಹಡಗು ತಾನೇ ಒಂದು ಪೇಟೆ. ಅದರಲ್ಲಿ ಮಕ್ಕಳಿಗೆ ಆಟಪಾಟವೂ ಉಂಟು, ದರವೂ ಅಗ್ಗ. ಆದರೆ ಸಣ್ಣ ಹಡಗು ಕಿರಿದಾದ ಬಂದರಿನ ಒಳಗೇ ದಕ್ಕೆಗೆ ತಾಗಿ ನಿಲ್ಲಬಲ್ಲುದು. ದೂರದಲ್ಲಿ ಲಂಗರು ಹಾಕಿ, ಅಲೆಯ ಮೇಲೆ ಓಲಾಡುವ ದೋಣಿಗೆ ವೃದ್ಧರನ್ನು ಇಳಿಸುವ ಪ್ರಸಂಗ ಅದರಲ್ಲಿ ಕಡಿಮೆ. ಇದಕ್ಕೆ ಎದುರಾಗಿ, ಬಿರುಗಾಳಿಯ ದಿನ ಸಣ್ಣ ಹಡಗು ಹೆಚ್ಚು ಓಲಾಡುವುದೂ ನಿಜ. ಮೊಮ್ಮಕ್ಕಳನ್ನು ಜೊತೆಗೊಯ್ಯುವ ಇಚ್ಛೆಯಿದ್ದರೆ, ಈ ಎರಡೂ ಸಂಸ್ಥೆಗಳು ಹಿರಿಯರನ್ನೇ ಕಣ್ಣಮುಂದಿಟ್ಟುಕೊಂಡವು ಎಂಬುದನ್ನು ನೆನಪಿಟ್ಟು, ಮಕ್ಕಳಿಗೆ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಬೇಕು.

ಇಂತಹ ಹಡಗುಗಳು ನಮಗೆ ತೀರ ಅಪರಿಚಿತವೇನೂ ಅಲ್ಲ. 2023ರ ಡಿಸೆಂಬರಿನಲ್ಲಿ ಓಶಿಯಾನಿಯಾದ ರಿವೇರಾ ಹಡಗು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಿತ್ತು. ಹೀಗೆ ಬಂದಿಳಿಯುವ ವಿದೇಶೀಯರು ಬಸ್ಸುಗಳಲ್ಲಿ ಕಾರ್ಕಳಕ್ಕೂ ಮೂಡಬಿದಿರೆಗೂ ಹೋಗಿಬರುತ್ತಾರೆ. ಇಟಲಿಯ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ ಅವರು 1899ರಿಂದ 1901ರವರೆಗೆ ಬರೆದ ಚಿತ್ರಗಳನ್ನು ನೋಡಲು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೂ ಭೇಟಿ ಕೊಡುತ್ತಾರೆ. ಅಷ್ಟು ದೂರದಿಂದ ಬಂದವರು ಕತ್ತೆತ್ತಿ ನೋಡುವ ಆ ಮಾಡನ್ನು ಪುತ್ತೂರಿನಿಂದ ಒಂದೂವರೆ ಗಂಟೆಯ ಹಾದಿಯಲ್ಲಿರುವ ನಮ್ಮವರಲ್ಲಿ ಎಷ್ಟು ಮಂದಿ ನೋಡಿದ್ದಾರೆ ಎಂಬುದು ಯೋಚಿಸತಕ್ಕ ವಿಷಯ.

ಪ್ರಯಾಣಿಕರಾಗಿ ಹಡಗು ಹತ್ತುವ ಹಿರಿಯರ ಮಾತು ಇಷ್ಟಾಯಿತು. ಆದರೆ ನಮ್ಮ ಕರಾವಳಿಯ ಕಥೊಲಿಕ ತರುಣ ತರುಣಿಯರು ಇಂತಹ ಹಡಗುಗಳಿಗೆ ದುಡಿಯಲು ಹೋಗುವುದು ಬಹಳ ಹಿಂದಿನಿಂದ ನಡೆದುಬಂದಿದೆ. ಸುಳ್ಯದ ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗಲಿ ಫಸಲು ಕುಸಿದ ಮೇಲೆ ಮನೆಯ ಯುವಕರು ಹೊರಗಿನ ದುಡಿಮೆಯತ್ತ ನೋಡುವುದು ಸಹಜವೇ. ಏಳುನೂರು ಮಂದಿಗೆ ನಾನೂರು ಸೇವಕರಿರುವ ಹಡಗೆಂದರೆ, ಆ ನಾನೂರರಲ್ಲಿ ನಮ್ಮ ಮನೆಯ ಮಗನೂ ಇರಬಹುದು. ಅವನ ಪಾಲಿಗೆ ರಾತ್ರಿ ತಂಗುವ ಬಂದರಾಗಲಿ, ವಿಶೇಷ ಭೋಜನಶಾಲೆಯಾಗಲಿ ವಿರಾಮದ ವಿಷಯವಲ್ಲ, ಕೆಲಸದ ವಿಷಯ.

ಆದುದರಿಂದ ಅಂಥ ಮನೆಗಳು ತಿಳಿದಿರಬೇಕಾದ ಕಾನೂನೊಂದಿದೆ. 2006ರ ಕಡಲ ಕಾರ್ಮಿಕರ ಒಡಂಬಡಿಕೆ 2013ರ ಆಗಸ್ಟಿನಿಂದ ಜಾರಿಯಲ್ಲಿದೆ. ಭಾರತ ಅದನ್ನು 2015ರಲ್ಲಿ ಅಂಗೀಕರಿಸಿತು. ಅದರಂತೆ ವಿಶ್ರಾಂತಿಯ ಲೆಕ್ಕವಿಡುವ ಹಡಗಿನಲ್ಲಿ ದುಡಿಯುವವನಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಲ್ಲಬೇಕು. ಕೆಲಸ ಕೊಡಿಸಿದ್ದಕ್ಕೆಂದು ಅವನಿಂದ ಶುಲ್ಕ ಪಡೆಯುವಂತಿಲ್ಲ. ಪಾಸ್‌ಪೋರ್ಟು, ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ ಇವುಗಳ ವೆಚ್ಚ ಮಾತ್ರ ಅವನದು. ಭರ್ತಿ ಮಾಡುವ ಏಜೆಂಟರಿಗೆ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಿಗೆ ಇರಬೇಕು. ಮನೆಯ ಚಿನ್ನ ಅಡವಿಟ್ಟು ಏಜೆಂಟರ ಕೈಗೆ ಲಕ್ಷ ಸುರಿಯುವ ಮೊದಲು ಆ ಪರವಾನಿಗೆಯ ಸಂಖ್ಯೆಯನ್ನು ಕೇಳಿ ಪರಿಶೀಲಿಸಿದರೆ ಎಷ್ಟೋ ಕುಟುಂಬಗಳ ಕಣ್ಣೀರು ತಪ್ಪೀತು. ನಾವಿಕರ ಕ್ಷೇಮಕ್ಕಾಗಿ 1920ರಲ್ಲಿ ಗ್ಲಾಸ್ಗೋದಲ್ಲಿ ಆರಂಭಗೊಂಡು ಈಗ ಸ್ಟೆಲ್ಲಾ ಮಾರಿಸ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಧರ್ಮಸಭೆಯ ಸೇವೆ ಲೋಕದ ಅನೇಕ ಬಂದರುಗಳಲ್ಲಿ ಇದೆ. ಮಗ ಹೊರಡುವಾಗ ಈ ಹೆಸರನ್ನು ಬರೆದುಕೊಟ್ಟು ಕಳುಹಿಸುವುದು ಒಳ್ಳೆಯದು.

ಹಿರಿಯರನ್ನು ಕಳುಹಿಸುವವರಿಗೂ ಕೆಲವು ಮಾತುಗಳು ಉಳಿದಿವೆ. ಯುರೋಪಿನ ಷೆಂಗೆನ್ ದೇಶಗಳಿಂದ ಹೊರಟು ಟರ್ಕಿಯಂತಹ ದೇಶ ಮುಟ್ಟಿ ಮರಳುವ ಹಡಗಾದರೆ ಬಹುಪ್ರವೇಶದ ವೀಸಾ ಬೇಕು. ಹಡಗಿನ ವೈದ್ಯರ ಚಿಕಿತ್ಸೆ ಉಚಿತವಲ್ಲ; ವಯಸ್ಸಿಗೂ ಈಗಾಗಲೇ ಇರುವ ಕಾಯಿಲೆಗೂ ಹೊಂದುವ ವಿಮೆ ಮಾಡಿಸದೆ ಹೊರಡುವುದು ಅಪಾಯಕರ. ಭಾನುವಾರದ ಬಲಿಪೂಜೆಗೆ ಹಡಗಿನಲ್ಲಿ ಗುರುಗಳಿರುತ್ತಾರೆಂದು ಭಾವಿಸಬಾರದು; ಆ ದಿನ ಯಾವ ಬಂದರು ಎಂದು ನೋಡಿ, ಅಲ್ಲಿಯ ಇಗರ್ಜಿಯ ವೇಳೆಯನ್ನು ಮೊದಲೇ ತಿಳಿದುಕೊಳ್ಳಬೇಕು. ಈ ದೃಷ್ಟಿಯಿಂದಲೂ ಬಂದರಿನಲ್ಲಿ ಹೆಚ್ಚು ಹೊತ್ತು ನಿಲ್ಲುವ ಹಡಗಿಗೆ ಒಂದು ಹೆಚ್ಚುಗಾರಿಕೆ ಇದೆ.

ಒಟ್ಟಿನಲ್ಲಿ ಹೇಳುವುದಾದರೆ, ನಡೆಯಬಲ್ಲ, ಪುಣ್ಯಕ್ಷೇತ್ರಗಳನ್ನು ನೋಡಲೆಂದೇ ಹೊರಡುವ ದಂಪತಿಗೆ ಅಜಮಾರಾ ತಕ್ಕುದು. ಹಡಗಿನಲ್ಲೇ ಕುಳಿತು ಕಡಲು ನೋಡುತ್ತ, ಒಳ್ಳೆಯ ಊಟದೊಂದಿಗೆ ವಿಶ್ರಮಿಸಬಯಸುವವರಿಗೆ ಓಶಿಯಾನಿಯಾದ ಹೊಸ ಹಡಗುಗಳು ತಕ್ಕುವು. ಆದರೆ ಈ ಆಯ್ಕೆಯನ್ನು ಟೊರೊಂಟೊದಲ್ಲೋ ದುಬೈಯಲ್ಲೋ ಕುಳಿತ ಮಕ್ಕಳು ತಾವೇ ಮಾಡಿ, ಕೇಕು ಕತ್ತರಿಸುವ ಹೊತ್ತಿಗೆ ಟಿಕೆಟಿನ ಲಕೋಟೆಯನ್ನು ಕೈಗಿಡುವುದು ನಮಗೆ ಸರಿಯೆನಿಸುವುದಿಲ್ಲ. ಆವಯ್-ಬಾಪಯ್ ಇಬ್ಬರನ್ನೂ ಕೂರಿಸಿ, "ನಿಮಗೆ ಏನು ನೋಡಬೇಕೆಂದಿದೆ?" ಎಂದು ಮೊದಲು ಕೇಳಿರಿ. ರೋಮ್ ಎನ್ನಬಹುದು, ಫಾತಿಮಾ ಎನ್ನಬಹುದು. ಅಥವಾ, ಇಷ್ಟೆಲ್ಲ ಖರ್ಚು ಬೇಡ, ನೀವೇ ಎಲ್ಲರೂ ಈ ಬಾರಿ ಮೊಂತಿ ಹಬ್ಬಕ್ಕೆ ಹೊಸ ಅಕ್ಕಿಯ ಊಟಕ್ಕೆ ಮನೆಗೆ ಬನ್ನಿ ಎಂದೂ ಹೇಳಬಹುದು. ಹಾಗೆ ಹೇಳಿದರೆ ಅದನ್ನೂ ನಡೆಸಿಕೊಡುವ ಸಿದ್ಧತೆ ಮಕ್ಕಳಲ್ಲಿ ಇರಲಿ.