ಒಂದೇ ಪಾಸ್‌ವರ್ಡಿನ ಅಂಗಡಿ

ತಾಂಬಾ ಊರಿನ ಸುತ್ತಮುತ್ತ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಎಣ್ಣಿ ಮಾರುವ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಲೆಕ್ಕದ ತಂತ್ರಾಂಶ ಟ್ಯಾಲಿಯ ಪಾಸ್‌ವರ್ಡ್ ಎಷ್ಟು ಮಂದಿಗೆ ಗೊತ್ತು ಎಂದು ಮೊದಲೇ ಕೇಳಿಬಿಡುತ್ತೇನೆ. “ಎಲ್ಲಾರೂ ನಮ್ಮ ಹುಡುಗೂರೇ ಅದಾರ್ರೀ, ಬ್ಯಾರೆ ಬ್ಯಾರೆ ಯಾಕ ಬೇಕು?” ಅನ್ನುತ್ತಾರೆ ಮಾಲೀಕರು. ಆದರೆ ರೈತನೊಬ್ಬ ಕಟ್ಟಿದ ಉದ್ರಿ ಹಣ ಖಾತೆಯಲ್ಲಿ ಕಾಣದಾದಾಗ, ಅಂಗಡಿಯ ನಾಲ್ವರು ಹುಡುಗರೂ ಒಂದೇ ಹೆಸರಲ್ಲಿ ಒಳಹೊಕ್ಕಿದ್ದರೆ ತಪ್ಪು ಮಾಡಿದವನು ಸಿಗುವುದಿಲ್ಲ. ಏನೂ ಮಾಡದ ಮೂವರ ಮೇಲೂ ಸಂಶಯ ಬೀಳುತ್ತದೆ. ನನಗೆ ಹೆಚ್ಚು ಕೆಡುಕೆನಿಸುವುದು ಆ ಮೂವರ ಪಾಡು.

ತಪ್ಪು ಯಾರದ್ದೆಂದು ಗೊತ್ತಾಗದ ಈ ಪಾಡನ್ನು ನಮ್ಮ ರೈತರು ಹೊಲದ ಉತಾರದಲ್ಲೇ, ಅಂದರೆ ಪಹಣಿಯಲ್ಲೇ, ಕಂಡಿದ್ದಾರೆ. ಮೊದಲು ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಯಾರು, ಯಾವಾಗ ತಿದ್ದಿದರೆಂದು ತಿಳಿಯಲು ಸಾಮಾನ್ಯ ರೈತನಿಗೆ ದಾರಿಯೇ ಇರಲಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ 67 ಲಕ್ಷ ರೈತರ 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. ಬರೀ ಪಾಸ್‌ವರ್ಡ್ ಸಾಲದೆಂದು ಸಿಬ್ಬಂದಿಯ ಬೆರಳ ಗುರುತನ್ನೇ ಕೇಳುವ ವ್ಯವಸ್ಥೆ ಮಾಡಿದರು. ಹೆಸರು ಬದಲಾವಣೆಯ ಅರ್ಜಿ ತುಂಬುವವರು ಒಬ್ಬರಾದರೆ, ಆದೇಶ ಮಾಡುವವರು ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿದ್ದರು. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆಯಬೇಕಿತ್ತು.

ಅಂಗಡಿಗೆ ಬೆರಳ ಗುರುತಿನ ಯಂತ್ರ ಬೇಕಿಲ್ಲ. ಟ್ಯಾಲಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ರೋಲ್ ಕೊಡಬಹುದು. ಗಲ್ಲೆಯ ಮೇಲೆ ಕೂಡುವ ಹುಡುಗನಿಗೆ ಹೊಸ ಬಿಲ್ ಮಾಡಲು ಬಿಟ್ಟು, ಮಾಡಿದ ಬಿಲ್ ತಿದ್ದುವ, ಅಳಿಸುವ ಅಧಿಕಾರ ತೆಗೆದುಬಿಡುತ್ತೇನೆ. ಗೋದಾಮಿನವನಿಗೆ ಸ್ಟಾಕ್ ಕಂಡರೆ ಸಾಕು, ಲಾಭ–ಹಾನಿ ಬೇಡ. ಎಷ್ಟು ದಿನ ಹಿಂದಿನ ತಾರೀಖಿಗೆ ಬಿಲ್ ಹಾಕಬಹುದೆಂದೂ ಅಲ್ಲಿ ಮಿತಿ ಹಾಕಬಹುದು. ನಾನು ಎರಡು ದಿನ ಇಡುತ್ತೇನೆ. ಕರೆಂಟ್ ಹೋದಾಗ ಚೀಟಿಯಲ್ಲಿ ಬರೆದಿಟ್ಟದ್ದನ್ನು ಮರುದಿನ ಏರಿಸಲು ಅಷ್ಟು ಸಾಕು. ಎಡಿಟ್ ಲಾಗ್ ಇರುವ ಟ್ಯಾಲಿಯಾದರೆ ಯಾವ ಬಿಲ್ಲನ್ನು ಯಾರು, ಯಾವಾಗ ತಿದ್ದಿದರೆಂಬುದೂ ಉಳಿಯುತ್ತದೆ. ನೋಂದಾಯಿತ ಕಂಪನಿಗಳಿಗೆ ಇಂಥ ದಾಖಲೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಅಡ್ಮಿನ್ ಪಾಸ್‌ವರ್ಡ್ ಮಾಲೀಕರ ಹತ್ತಿರವೇ ಇರಬೇಕು, ಲೆಕ್ಕ ಬರೆಯುವ ನನ್ನ ಹತ್ತಿರವೂ ಬೇಡ.

ಕೆಲಸ ಬಿಟ್ಟವರ ಪಾಸ್‌ವರ್ಡನ್ನು ಮಾತ್ರ ಬಹಳ ಕಡೆ ಮರೆತೇಬಿಡುತ್ತಾರೆ. ಹುಡುಗ ಸೊಲ್ಲಾಪುರಕ್ಕೋ ಪುಣೆಗೋ ಹೊರಟ ದಿನವೇ ಅವನ ಪಾಸ್‌ವರ್ಡ್ ಬದಲಿಸಿ. ಹೊಸಬನಿಗೆ ಹೊಸ ಹೆಸರನ್ನೇ ಮಾಡಿಕೊಡಿ. ಹಳೆಯವನ ಹೆಸರಲ್ಲೇ ಅವನನ್ನು ಕೂರಿಸಿದರೆ ಇಬ್ಬರ ಬಿಲ್ಲುಗಳೂ ಮತ್ತೆ ಕಲೆತುಹೋಗುತ್ತವೆ.